ಮ್ಯಾನೇಜರ್ ಅಕ್ಕ

ಅಕ್ಕ ತಂಗಿ ಇಬ್ಬರೂ ಸೇರಿ ಕಟ್ಟುಹಲ್ಲು ಮಾಡುತ್ತಿದ್ದರು. ದಂತವೈದ್ಯರು ಕಳಿಸಿದ ಅಚ್ಚು ನೋಡಿ ಮೇಣದಲ್ಲಿ ಹಲ್ಲು ಜೋಡಿಸುವುದು ಅಕ್ಕನ ಕೆಲಸ; ಉಜ್ಜಿ ಹೊಳಪು ಕೊಡುವುದು ತಂಗಿಯದು. ಯಂತ್ರಗಳೇ ಹಲ್ಲು ಮಾಡತೊಡಗಿದ ಮೇಲೆ ವೈದ್ಯರು ಒಬ್ಬೊಬ್ಬರಾಗಿ ಕೈಬಿಟ್ಟರು. ಅಂಗಡಿಗೆ ಬೀಗ ಬಿತ್ತು. ಅಕ್ಕ ಮನೆಯಲ್ಲಿ ಕೂತಳು, ತಂಗಿ ಕೋಡಿಂಗ್ ತರಬೇತಿಗೆ ಸೇರಿದಳು.

ತರಬೇತಿಯ ಕೊನೆಗೆ ಅವಳೊಂದು ಪ್ರಾಜೆಕ್ಟ್ ಮಾಡಿದಳು: ಔಷಧಿ ಅಂಗಡಿಯಲ್ಲಿ ಯಾವ ಮಾತ್ರೆ ಮುಗಿಯುತ್ತ ಬಂತೆಂದು ತಿಳಿಸುವ ಆ್ಯಪ್. ಯಾವ ಅಂಗಡಿಯವನೂ ಅದನ್ನು ಬಳಸಿರಲಿಲ್ಲ. ಕಳಿಸಿದ ಅರ್ಜಿಗಳಿಗೆ ಉತ್ತರವೇ ಬರದಿದ್ದಾಗ ತರಬೇತುದಾರ ತಾನೇ ಅವಳ ರೆಸ್ಯೂಮೆ ತಿದ್ದಿದ. ಪ್ರಾಜೆಕ್ಟಿನ ಹೆಸರೇ ಕಂಪನಿಯ ಹೆಸರಾಯಿತು. ಅವಳು ಅಲ್ಲಿ ದುಡಿದ ಎಂಜಿನಿಯರ್ ಆದಳು. ಹಲ್ಲಿನ ಕೆಲಸದ ಸಾಲುಗಳನ್ನು ಅಳಿಸಿಬಿಟ್ಟ.

“ಎಲ್ರೂ ಹೀಗೇ ಬರೀತಾರೆ. ಕೆಲಸ ಕೊಡೋರು ತಾಳೆ ನೋಡೋಕೆ ಹಳೇ ಕಂಪನಿಗೆ ಫೋನ್ ಮಾಡ್ತಾರೆ. ಮ್ಯಾನೇಜರ್ ಅಂತ ಯಾರಾದ್ರೂ ಮಾತಾಡಿದ್ರೆ ಆಯ್ತು,” ಎಂದ.

ಅವಳಿಗೆ ಅಕ್ಕನನ್ನು ಬಿಟ್ಟರೆ ಯಾರಿದ್ದರು?

ಅಕ್ಕ ರೆಸ್ಯೂಮೆ ಓದಿದಳು. “ಇದ್ರಲ್ಲಿ ನಮ್ಮ ಕೆಲಸಾನೇ ಇಲ್ವಲ್ಲೇ?”

“ಅದನ್ನ ಹಾಕಿದ್ರೆ ಯಾರೂ ಕರೆಯಲ್ಲ, ಅಕ್ಕ.”

ಅಕ್ಕ ರೆಸ್ಯೂಮೆಯನ್ನು ಇನ್ನೊಮ್ಮೆ ಮೊದಲಿನಿಂದ ಓದಿದಳು. “ಸರಿ. ಏನ್ ಹೇಳ್ಬೇಕು, ಹೇಳ್ಕೊಡು.”

ಆ ರೆಸ್ಯೂಮೆ ನೋಡಿ ಒಂದು ಕಂಪನಿ ಕರೆಯಿತು; ಸಂದರ್ಶನ ಚೆನ್ನಾಗಾಯಿತು. ಅಕ್ಕ ಪಾತ್ರೆ ತೊಳೆಯುತ್ತಲೂ ಪಾಠ ಒಪ್ಪಿಸಿದಳು. ತಂಗಿ ತಿದ್ದಹೋದರೆ, “ಮ್ಯಾನೇಜರ್ ಕಣೇ ನಾನು, ಎದ್ದು ನಿಂತು ಮಾತಾಡು,” ಎಂದು ಗದರಿ ತಾನೇ ನಗುತ್ತಿದ್ದಳು.

ಕರೆ ಬಂದಾಗ ತಂಗಿ ಪಕ್ಕದಲ್ಲೇ ಇದ್ದಳು. ಅಕ್ಕ ಸ್ಪೀಕರ್ ಹಾಕಿ ಕಂಪನಿ, ಹುದ್ದೆ, ವರ್ಷ ಎಲ್ಲವನ್ನೂ ತಡವರಿಸದೆ ಹೇಳಿದಳು.

“ಅವ್ರ ಜೊತೆ ಕೆಲಸ ಮಾಡೋದು ಹೇಗಿತ್ತು, ಮೇಡಂ?” ಆ ಕಡೆಯ ಹೆಂಗಸು ಕೇಳಿದರು.

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

“ಅವಳಾ? ಅವಳಷ್ಟು ಚೊಕ್ಕ ಕೆಲಸ ನಂಗೂ ಬರಲ್ಲ,” ಎಂದಳು ಅಕ್ಕ. “ಒಬ್ರು ಅಜ್ಜಿಗೆ ಒಸಡು ಒತ್ತುತ್ತೆ ಅಂತ ಸೆಟ್ ವಾಪಸ್ ಬಂತು. ಸ್ವಲ್ಪ ಉಜ್ಜಿ ಕೊಡಿ ಸಾಕು ಅಂದ್ರು ಡಾಕ್ಟರು. ಇವಳು ಕೇಳ್ಬೇಕಲ್ಲ! ಮೇಣದಿಂದ ಹಿಡಿದು ಪೂರ್ತಿ ತಾನೇ ಹೊಸದಾಗಿ ಮಾಡಿದ್ಲು. ಇವಳು ಜೊತೇಲಿದ್ದಿದ್ದಕ್ಕೇ ನಾನು ಇಷ್ಟು ವರ್ಷ…”

ತಂಗಿ ಕೈಸನ್ನೆ ಮಾಡಿದಳು. ಅಕ್ಕ ನಾಲಿಗೆ ಕಚ್ಚಿಕೊಂಡಳು.

“ಒಸಡಾ?” ಎಂದರು ಆ ಹೆಂಗಸು. ಕೊಂಚ ಕಾದರು. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು.

ಕೆಲಸ ಇಲ್ಲವೆಂಬ ಸಂದೇಶ ಮರುದಿನ ಬಂತು. ಅಕ್ಕ ಅಡುಗೆಮನೆಯಿಂದ ಈಚೆ ಬರಲಿಲ್ಲ. ತಂಗಿಯೇ ಒಳಗೆ ಹೋದಳು.

“ನಿನ್ನ ಕೆಲಸಕ್ಕೆ ನಾನೇ ಕಲ್ಲು ಹಾಕ್ದೆ ಕಣೇ.”

“ಹೋಗ್ಲಿ ಬಿಡು. ಇಷ್ಟು ವರ್ಷದಲ್ಲಿ ಒಂದ್ಸಲಾನೂ ನನ್ನ ಬಗ್ಗೆ ಹಾಗೆ ಹೇಳಿರ್ಲಿಲ್ಲ ನೀನು.”

“ಹೇಳೋದೇನು? ಎದುರಿಗೇ ಇರ್ತಿದ್ಯಲ್ಲ,” ಎಂದಳು ಅಕ್ಕ. ಸೆರಗಿನಿಂದ ಮುಖ ಮುಚ್ಚಿಕೊಂಡಳು.

ತಂಗಿ ಮತ್ತೆ ಆ ರೆಸ್ಯೂಮೆ ಕಳಿಸಲಿಲ್ಲ. ನಿಜ ಬರೆದು ಕಳಿಸಿದ್ದಕ್ಕೆ ಯಾರೂ ಕರೆಯಲಿಲ್ಲ. ಕೊನೆಗೆ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಹಿಡಿದಳು. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಅಕ್ಕ ಈಗಲೂ ಫೋನ್ ಎತ್ತುವುದಿಲ್ಲ.