ಜ್ವರದ ಹೊತ್ತಿನ ಓದು

ಅಕ್ಕೂರಿನ ಮುನಿತಾಯಮ್ಮನಿಗೆ ಓದಿನ ಹುಚ್ಚು ಹಿಡಿದದ್ದು ಐವತ್ತು ದಾಟಿದ ಮೇಲೆ, ಅದೂ ಗುಜರಿ ಅಂಗಡಿಯಿಂದ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ತಟ್ಟೆಗೆ ಹಾಸಲು ಹಳೇ ಪೇಪರು ಬೇಕೇ ಬೇಕು. ಚನ್ನಪಟ್ಟಣದ ಶುಕೂರ್ ಸಾಬರ ಗುಜರಿಯಿಂದ ತಂದ ಕಟ್ಟಿನಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕವೂ ಸೇರಿಕೊಂಡಿತ್ತು. ಹಾಳೆ ಹರಿಯಲು ಕೂತವಳು ಸುಮ್ಮನೆ ಒಂದು ಸಾಲು ಓದಿದಳು. ಉಪ್ಪಿನಲ್ಲಿ ಕಟ್ಟಿದ ಕೋಟೆಯೊಳಗೆ, ಮಳೆ ಬಂದೀತೆಂದು ಮುಗಿಲು ನೋಡುತ್ತ ಕೂತ ಒಬ್ಬ ರಾಣಿ. ಅವಳ ಗತಿ ಏನಾಯಿತೆಂದು ತಿಳಿಯದೆ ಹರಿಯಲು ಕೈ ಬರಲಿಲ್ಲ.

ಬರೆದವರು ಪದ್ಮಗಿರಿ ನೀಲಕಂಠರಾಯರು. ಅಜ್ಜಿಯರ ಕಾಲದಲ್ಲಿ ಮಾಯಾಲೋಕದ ಕಥೆಗಳಿಗೆ ದೊಡ್ಡ ಹೆಸರಂತೆ; ಈಗ ಕೇಳುವವರಿಲ್ಲ. ಮುಂದಿನ ಸಲ ಪೇಟೆಗೆ ಹೋದಾಗ ಮುನಿತಾಯಮ್ಮ ನಾಚಿಕೆ ಬಿಟ್ಟು ಶುಕೂರ್ ಸಾಬರನ್ನು ಕೇಳಿದಳು. ಅವರು ರದ್ದಿಯ ರಾಶಿಯನ್ನೆಲ್ಲ ತಡಕಿ, ಅದೇ ರಾಯರ ಇನ್ನೂ ಮೂರು ಪುಸ್ತಕ ಹುಡುಕಿಕೊಟ್ಟರು. ಒಂದರಲ್ಲಿ ಜನ ತಮ್ಮ ನೆರಳನ್ನು ಮಾರುವ ಸಂತೆ. ಆ ಸಂತೆಯ ವ್ಯಾಪಾರಿ ಬೇರೆ ಯಾರೂ ಅಲ್ಲ, ಮೊದಲ ಪುಸ್ತಕದ ರಾಣಿಯ ಕಳೆದುಹೋದ ತಮ್ಮ! ಮದುವೆ ಮನೆಯಲ್ಲಿ ಗುರುತಿಲ್ಲದವರ ಜೊತೆ ಮಾತಾಡುತ್ತ ಮಾತಾಡುತ್ತ ನಂಟಸ್ತಿಕೆ ಹೊರಟರೆ ಆಗುವಂಥ ಸಂತೋಷ ಅವಳಿಗಾಯಿತು. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ ಮೇಲೆ ಇಷ್ಟು ಸುಖ ಅವಳು ಕಂಡಿರಲಿಲ್ಲ.

ಆದರೆ ಹುಳು ಮನೆಯಲ್ಲಿ ಓದಲು ಬಿಡುವೆಲ್ಲಿ? ಇರುವುದೊಂದೇ, ಹುಳುವಿನ ಜ್ವರದ ಹೊತ್ತು. ಹುಳು ಪೊರೆ ಬಿಡುವ ಮುನ್ನ ತಲೆ ಎತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೇ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ಜ್ವರ ಎದ್ದ ಮೇಲೆ ಮಾತ್ರ ತಡ ಮಾಡಬಾರದು. ಹಸಿದ ಹುಳು ಸೊರಗಿದರೆ ಗೂಡು ಕಟ್ಟುವುದಿಲ್ಲ. ಊರಿನವರೆಲ್ಲ ಜ್ವರದ ಹೊತ್ತಿನಲ್ಲಿ ಮಲಗಿದರೆ ಮುನಿತಾಯಮ್ಮ ಪುಸ್ತಕ ಬಿಚ್ಚುತ್ತಿದ್ದಳು.

ಗಂಡ ಸಿದ್ದರಾಮುಗೆ ಇದು ಹಿಡಿಸಲಿಲ್ಲ. ಉಣ್ಣುವಾಗ ಅವಳು ಕಥೆ ಹೇಳಿದರೆ, ಕೆಲಸವಿಲ್ಲದವನು ಬರೆದದ್ದು, ಬುದ್ಧಿಯಿಲ್ಲದವಳು ಓದಿದ್ದು ಎಂದು ಮೂಗು ಮುರಿಯುತ್ತಿದ್ದ. ಕೊನೆಗೆ ಒಂದು ಕರಾರು ಹಾಕಿದ: ಓದಿನ ದೆಸೆಯಿಂದ ಒಂದು ತಟ್ಟೆ ಹುಳು ಹಾಳಾದರೂ ಪುಸ್ತಕಗಳೆಲ್ಲ ವಾಪಸ್ಸು ಗುಜರಿಗೆ. ಅವಳು ಒಪ್ಪಿದಳು. ಒಪ್ಪದಿದ್ದರೆ ಅವತ್ತೇ ಹೋಗುತ್ತಿದ್ದವು.

ನಾಲ್ಕನೇ ಜ್ವರದ ಹೊತ್ತಿಗೆ ಕೊನೆಯ ಪುಸ್ತಕ ಅರ್ಧಕ್ಕೆ ಬಂದಿತ್ತು. ಅದೇ ರಾಣಿ ದನಿ ಕಿತ್ತುಕೊಂಡಿದ್ದರಿಂದ ಮೂಕಳಾದ ಒಬ್ಬ ಹುಡುಗಿಯನ್ನು ಅಂಬಿಗನೊಬ್ಬ ದೋಣಿಯಲ್ಲಿ ಕೂರಿಸಿಕೊಂಡು ಹೊರಟಿದ್ದ, ದೋಣಿ ನಡುಹೊಳೆಯಲ್ಲಿತ್ತು. ಬೆಳಿಗ್ಗೆ ಅಷ್ಟು ಓದಿ, ಹುಳು ಇನ್ನೂ ಜ್ವರದಲ್ಲಿರುವುದನ್ನು ನೋಡಿ, ಅವು ಎದ್ದ ಕೂಡಲೇ ಸೊಪ್ಪು ಹಾಕೆಂದು ಗಂಡನಿಗೆ ಹೇಳಿ, ಅವಳು ದೊಡ್ಡಮಳೂರಿನ ಗುಡಿಗೆ ಹೋದಳು. ಅಕ್ಕನ ಮಗಳು ನಯನ ಅಲ್ಲಿ ತನ್ನ ಕೂಸಿನ ತೊಟ್ಟಿಲು ಹರಕೆ ಒಪ್ಪಿಸುವುದಿತ್ತು.

ಸಂಜೆ ಬಂದು ನೋಡಿದರೆ ಹುಳು ಸೊಪ್ಪಿಲ್ಲದೆ ತಟ್ಟೆಯ ಅಂಚಿಗೆ ಹರಿದಾಡುತ್ತಿದ್ದವು. ಎಷ್ಟೋ ಸೊರಗಿದ್ದವು. ಅವಳ ಜೀವ ಹಾರಿಹೋಯಿತು. ಸಿದ್ದರಾಮು ತಲೆ ಬಗ್ಗಿಸಿಕೊಂಡು ಸೊಪ್ಪು ಹಾಕುತ್ತಿದ್ದ. ಬೆಳಿಗ್ಗೆಯೇ ಎದ್ದಿದ್ದವೇನೋ, ನಿನ್ನ ಕಣ್ಣು ಪುಸ್ತಕದಲ್ಲಿತ್ತು, ಜ್ವರದಲ್ಲಿವೆ ಅಂದೆ, ನಾನು ನಂಬಿ ತೋಟದ ಕಡೆ ಹೋಗಿದ್ದೆ ಎಂದ. ಓದಿದ್ದಂತೂ ನಿಜ, ಸರಿಯಾಗಿ ನೋಡಿದ್ದೆನೋ ಇಲ್ಲವೋ ಎಂದು ಮುನಿತಾಯಮ್ಮನಿಗೇ ಅನುಮಾನ ಬಂತು.

ಎರಡು ತಟ್ಟೆ ಹುಳುವನ್ನು ತಿಪ್ಪೆಗೆ ಹಾಕಬೇಕಾಯಿತು. ಮಾರನೆಯ ದಿನ ಅವಳೇ ನಾಲ್ಕೂ ಪುಸ್ತಕಗಳನ್ನು ಹುರಿಯಲ್ಲಿ ಬಿಗಿದು ಬೈಕಿನ ಮೇಲಿಟ್ಟಳು. ಸಿದ್ದರಾಮು ಯಾಕೋ ಹೊರಡಲಿಲ್ಲ. ಬಿಸಿಲು ಇಳಿಯಲಿ ಎಂದ, ಪೆಟ್ರೋಲು ಕಮ್ಮಿಯಿದೆ ಎಂದ, ಇದ್ದರೆ ಇರಲಿ ಬಿಡು ಎಂದೂ ಗೊಣಗಿದ. ಮಾತು ಮಾತೇ ಎಂದು ಅವಳು ಪಟ್ಟು ಹಿಡಿದಳು. ಅವನು ಬೈಕು ಹತ್ತಿ ಕೂತಾಗ ಮಾತ್ರ ಅವಳು ಕಟ್ಟಿನ ಮೇಲೆ ಕೈಯಿಟ್ಟಳು.

"ಆ ಮೂಗಿ ದಡ ಸೇರುದ್ಲೋ ಇಲ್ವೋ, ಅದೊಂದು ಗೊತ್ತಾಗ್ದಂಗೇ ಹೋಯ್ತು."

"ಸೇರ್ತಾಳೆ ಕಣಮ್ಮಿ," ಎಂದ ಸಿದ್ದರಾಮು, ಸಮಾಧಾನ ಮಾಡುವ ಭರದಲ್ಲಿ. "ಆ ಅಂಬಿಗನೇ ಪಾಪ ಮುಳುಗೋಯ್ತಾನೆ."

ಹೇಳಿದ ಮೇಲೆ ಅವನಿಗೆ ಹೊಳೆಯಿತು. ಅವಳಿಗೂ ಹೊಳೆಯಿತು. ಅಂಬಿಗ ಮುಳುಗುವ ಕಥೆಯನ್ನು ಈ ಮನೆಯಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ; ಅವಳಿಗೇ ಗೊತ್ತಿರಲಿಲ್ಲ.

"ನೆನ್ನೆ ತೋಟಕ್ಕೋಗಿದ್ದೆ ಅಂದೆ?"

ಸಿದ್ದರಾಮು ಬೈಕಿನಿಂದ ಇಳಿದ. ಹುಳು ಏಳುವ ತನಕ ಒಂದು ಹಾಳೆ ನೋಡೋಣ ಎಂದು ಕೂತದ್ದು, ಪುಸ್ತಕ ಮುಗಿದು ತಲೆ ಎತ್ತಿದಾಗ ಹೊತ್ತು ಬಾಗಿತ್ತು ಎಂದು ನೆಲ ನೋಡುತ್ತ ಒಪ್ಪಿಕೊಂಡ. ತಪ್ಪನ್ನು ನನ್ನ ತಲೆಗೆ ಕಟ್ಟಿದನಲ್ಲ ಎಂದು ಮುನಿತಾಯಮ್ಮನಿಗೆ ಮೈಯೆಲ್ಲ ಉರಿಯಿತು. ಆ ಉರಿಯ ಒಳಗೇ ಒಂದು ಸಂತೋಷವೂ ಇತ್ತು: ಆ ಹೊಳೆಯನ್ನು ಕಂಡವನು ಈ ಮನೆಯಲ್ಲಿ ಇನ್ನೊಬ್ಬನಿದ್ದಾನೆ. ಅದನ್ನು ಅವನಿಗೆ ತೋರಿಸಿಕೊಳ್ಳಲಿಲ್ಲ.

ಹುರಿ ಬಿಚ್ಚಿ ಕೊನೆಯ ಪುಸ್ತಕ ತೆಗೆದುಕೊಂಡು ಜಗಲಿಯ ಮೇಲೆ ಕೂತಳು.

"ಹೋಗು, ಸೊಪ್ಪಾಕು," ಎಂದಳು. "ಅಂಬಿಗ ಸಾಯೋ ಮುಂಚೆ ನಾನೊಸಿ ಅವನ ಜೊತೇಲಿರ್ಬೇಕು."