ಮೂಗಿಲ್ಲದವರ ಚಿತ್ರ

ಮುಬೀನ ಬರೆದ ಚಿತ್ರದಲ್ಲಿ ಯಾರಿಗೂ ಮೂಗಿರಲಿಲ್ಲ. ದೇವಿಂದ್ರಪ್ಪನವರ ತಲೆ ಕೆಟ್ಟದ್ದು ಅಲ್ಲಿಗೇ.

ವಾಡಿಯಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದ ಅವರು ತಮ್ಮೂರು ಕೊಡ್ಲಿಯಲ್ಲಿ ಒಂದು ವಾಚನಾಲಯ ಕಟ್ಟಿಸಿ, ಅದರ ಗೋಡೆಗೆ ಊರಿನದೇ ಚಿತ್ರ ಬೇಕೆಂದು ಕೇಳಿದ್ದರು. ಮುಬೀನ ಈಗ ವಾಡಿಯಲ್ಲಿ ಡ್ರಾಯಿಂಗ್ ಟೀಚರು; ಹುಟ್ಟಿದ್ದು ಕೊಡ್ಲಿಯಲ್ಲಿ. ಎರಡು ಸುಗ್ಗಿ ಕಾಲ ರಜೆ ಸಿಕ್ಕಾಗಲೆಲ್ಲ ಬಂದು, ಹೊಲದ ಬದುವಿನ ಮೇಲೆ ಕುಳಿತು, ತೊಗರಿ ಕೊಯ್ಯಲು ಹೆಂಗಸರು ಸಾಲುಗಟ್ಟಿ ಹೊರಡುವ ಬೆಳಗನ್ನು ಬರೆದಿದ್ದಳು. ಹಿಂದೆ ಫ್ರಾನ್ಸಿನ ಚಿತ್ರಕಾರರು ಮಾಡಿದಂತೆ ಗೆರೆ ಎಳೆಯದೆ, ಬರೀ ಬಣ್ಣದ ಬೊಟ್ಟುಗಳಲ್ಲಿ; ದೂರ ನಿಂತರೆ ಮಾತ್ರ ಅವು ಕೂಡಿ ಆಕಾರವಾಗುತ್ತವೆ. ಸಾಲಿನ ಕೊನೆಯಲ್ಲಿ ಮೂರು ನೀಲಿ ಬೊಟ್ಟುಗಳಿದ್ದವು. ಅದು ನೆನಪಿನಿಂದ ಬರೆದ ಅವಳ ತಾಯಿ ಆಶಾಬಿ. ತೀರಿಕೊಂಡು ಹನ್ನೆರಡು ವರ್ಷವಾಗಿತ್ತು, ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ತಾಯಿ ಈ ಗೋಡೆಯ ಮೇಲಾದರೂ ಉಳಿಯಲಿ ಎಂಬುದೊಂದೇ ಮುಬೀನಳ ಆಸೆ. ಅದನ್ನು ಅವಳು ಯಾರ ಮುಂದೂ ಬಾಯಿ ಬಿಟ್ಟು ಹೇಳಿರಲಿಲ್ಲ.

ದೇವಿಂದ್ರಪ್ಪನವರು ಜೀವಮಾನವಿಡೀ ರೈಲ್ವೆಯ ಕಾಗದ ತಪಾಸಣೆ ಮಾಡಿದವರು. ಚಿತ್ರವನ್ನೂ ಹಾಗೇ ಕನ್ನಡಕ ಏರಿಸಿ, ಗೇಣು ದೂರದಲ್ಲಿ ನಿಂತು ನೋಡಿದರು. ಸ್ವಲ್ಪ ಹಿಂದೆ ಸರಿದು ನೋಡಿ ಎಂದು ಮುಬೀನ ಬೇಡಿಕೊಂಡಳು. ಸರಿಯಲು ಜಾಗವೆಲ್ಲಿ? ಕೋಣೆಯ ತುಂಬ ಕಪಾಟುಗಳೇ.

"ಭಾಳ ಕಷ್ಟ ಪಟ್ಟೀದಿ, ಖರೆ. ಆದ್ರ ಇದ್ರಾಗ ಯಾರ್ಯಾರು ಅಂತ ಗೊತ್ತೇ ಆಗವಲ್ದು," ಎಂದರು ದೇವಿಂದ್ರಪ್ಪ. ಇದರ ಬದಲು ಊರಿನ ದೊಡ್ಡದೊಂದು ಫೋಟೋ ತೆಗೆಸಿ ಹಾಕುತ್ತೇನೆ ಎಂದೂ ಸೇರಿಸಿದರು.

ಮುಬೀನ ಚಿತ್ರವನ್ನು ಹೊತ್ತು ಹೊರಗೆ ತಂದು, ವಾಡಿಯ ಬಸ್ಸು ಬರುವವರೆಗೆ ಇರಲೆಂದು ಅಂಗಳದ ಗೋಡೆಗೆ ಒರಗಿಸಿದಳು.

ರಸ್ತೆಯಾಚೆಯ ಕಟ್ಟೆಯ ಮೇಲೆ ಲಾಲಮ್ಮ ನಾಲ್ಕಾರು ಹೆಂಗಸರ ಜೊತೆ ಕುಳಿತಿದ್ದಳು. ನಲವತ್ತು ವರ್ಷ ಕೂಲಿಯವರ ಗುಂಪು ಕಟ್ಟಿ ಹೊಲಕ್ಕೆ ಕರೆದೊಯ್ದವಳು. ಮಂಜಿನಲ್ಲೂ ದೂರದಿಂದ ಬರುವವರು ಯಾರೆಂದು ಸೀರೆಯ ಬಣ್ಣ, ನಡಿಗೆ ನೋಡಿಯೇ ಹೇಳುವವಳು. ಕುಳಿತಲ್ಲಿಂದಲೇ ಬೆರಳು ಚಾಚಿ ಹೆಸರು ಹಿಡಿದು ಹೇಳತೊಡಗಿದಳು. ಮುಂದಿರುವ ಕೆಂಪು ಲಾಲಮ್ಮ ತಾನೇ. ಹಿಂದೆ ಕಾಲೆಳೆಯುವ ಹಳದಿ ರಮಾಬಾಯಿ. ಬುತ್ತಿ ಹೊತ್ತವಳು ಶಹರಬಾನು. ಉಳಿದ ಹೆಂಗಸರೂ ಎದ್ದು ನಿಂತು ಹೌದು ಹೌದು ಎಂದರು. ಬೆರಳು ಸಾಲಿನ ಕೊನೆಗೆ ಬಂತು.

"ಆಕಿ ಆಶಾಬಿ," ಎಂದಳು ಲಾಲಮ್ಮ. "ನೀರಿನ ಕೊಡ ಎಡಗಡಿ ಇಟ್ಕೊಂಡು ಹಂಗೇ ವಾಲಿ ನಡೀತಿದ್ಲು."

ಮುಬೀನ ಅಲ್ಲೇ ಕುಳಿತು ಅತ್ತಳು. ಮೂರೇ ಬೊಟ್ಟಿನಲ್ಲಿ ಊರು ಅವಳ ತಾಯಿಯನ್ನು ಗುರುತು ಹಿಡಿದಿತ್ತು. ಅಳುತ್ತಲೇ ನಗು ಬಂತು, ತಡೆಯಲಾಗಲಿಲ್ಲ.

ದೇವಿಂದ್ರಪ್ಪನವರು ರಸ್ತೆ ದಾಟಿ, ಲಾಲಮ್ಮನ ಪಕ್ಕ ನಿಂತು, ಬಹಳ ಹೊತ್ತು ನೋಡಿದರು. ಆದರೂ ಮೂಗಿಲ್ಲವಲ್ಲ ಎಂದು ಗೊಣಗಿದರು, ಮಾನ ಉಳಿಸಿಕೊಳ್ಳಲು.

"ಹೊಲದಾಗ ಮೂಗ ನೋಡಿ ಕರೀತಾರೇನ್ರಿ ಮಾಸ್ತರ?" ಎಂದಳು ಲಾಲಮ್ಮ.

ಬಸ್ಸು ಬಂತು, ಹೋಯಿತು, ಮುಬೀನ ಹತ್ತಲಿಲ್ಲ. ಸಂಜೆಯೊಳಗೆ ಕಪಾಟುಗಳು ಪಕ್ಕಕ್ಕೆ ಸರಿದು, ಚಿತ್ರ ಬಾಗಿಲಿಗೆ ಎದುರಾಗಿ ಗೋಡೆ ಏರಿತು. ದೇವಿಂದ್ರಪ್ಪನವರು ಎರಡೂ ಕದ ತೆರೆದಿಟ್ಟು, ದಾರಿಯಲ್ಲಿ ಹೋಗುವವರನ್ನೆಲ್ಲ ರಸ್ತೆಯಾಚೆಗೇ ನಿಲ್ಲಿಸಿ, ಕೊನೆಯಾಕೆ ನಮ್ಮ ಆಶಾಬಿ ಎಂದು ತೋರಿಸತೊಡಗಿದರು.