ಅಳುವ ತವರ

ತವರ ಅಳುತ್ತದೆ. ನಂಬದವರು ಅಪ್ಪಟ ತವರದ ಕಡ್ಡಿಯೊಂದನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ ನೋಡಲಿ. ಒಳಗಿಂದ ಕಿರ್ರೆಂದು ದನಿ ಬರುತ್ತದೆ, ಹಟಮಾರಿ ಮಗು ರಾಗ ಎಳೆಯಲು ಶುರುಮಾಡಿದ ಹಾಗೆ. ಸೀಸ ಬೆರೆತಿದ್ದರೆ ಮಾತ್ರ ಅದು ತುಟಿ ಪಿಟಕ್ಕೆನ್ನುವುದಿಲ್ಲ, ಸುಮ್ಮನೆ ಬಗ್ಗುತ್ತದೆ. ಅಂಥ ಮೂಗಿ ತವರವನ್ನು ಅಡುಗೆ ಪಾತ್ರೆಯ ಕಲಾಯಿಗೆ ಬಳಸುವಂತಿಲ್ಲ. ಬಳಸಿದರೆ ಉಣ್ಣುವವರ ಹೊಟ್ಟೆಗೆ ವಿಷ ಹೋಗುತ್ತದೆ.

ಆ ಅಳುವನ್ನು ಕೇಳಿ ಹೇಳುವುದು ಅಕ್ಕನ ಕೆಲಸ. ಮೂವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದರಿಂದ ಬೀದಿಯವರೆಲ್ಲ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಕುಲುಮೆ ತಮ್ಮನದು. ಹೊಳೆಯ ಪಾತ್ರದಿಂದ ಬರುವ ಕಪ್ಪು ಅದಿರಿನ ಮರಳನ್ನು ತೊಳೆದು, ಇದ್ದಿಲ ಪುಡಿ ಬೆರೆಸಿ ಅವನು ಉರಿಗೆ ಹಾಕುತ್ತಾನೆ. ಹೊತ್ತು ಕಳೆದ ಮೇಲೆ ಕುಲುಮೆಯ ಬುಡದಿಂದ ಬೆಳ್ಳಗೆ ಹೊಳೆಯುವ ತವರ ಹರಿದು ಬರುತ್ತದೆ. ಮೇಲೆ ತೇಲುವ ಕಿಟ್ಟ ಕೆರೆದು ತೆಗೆದು ಗಟ್ಟಿಗಳನ್ನು ಎರಕ ಹೊಯ್ಯುವಾಗ, ಪ್ರತಿ ಸಲವೂ ಬೆರಳು ಗಾತ್ರದ ಕಡ್ಡಿಯೊಂದನ್ನು ಪರೀಕ್ಷೆಗೆಂದು ಹೊಯ್ದು ಅದರ ಮೇಲೆ ಅಂಕಿ ಕೆತ್ತುತ್ತಾನೆ, ಪರೀಕ್ಷೆ ಮುಗಿದ ಮೇಲೆ ಕಟ್ಟು ಕಟ್ಟಿ ಅಟ್ಟದ ಮೇಲಿಡುತ್ತಾನೆ. ಕಡ್ಡಿ ಅತ್ತರೆ ಆ ಗಟ್ಟಿಗಳೆಲ್ಲ ಪಾಸು. ಕರಗಿಸಿದವನೇ ಪರೀಕ್ಷೆ ಮಾಡುವಂತಿಲ್ಲ. ಇದು ಅವರಪ್ಪ ಹಾಕಿದ ಕಟ್ಟಳೆ. ಅಪ್ಪನಿಗೆ ಮಗನ ಮೇಲೆ ಪ್ರೀತಿ ಇತ್ತು, ನಂಬಿಕೆ ಸ್ವಲ್ಪ ಕಮ್ಮಿ.

ಈಗ ನೋಡಿ ಗ್ರಹಚಾರ. ಒಂದು ವರ್ಷದಿಂದ ಕಿವಿಯಕ್ಕನಿಗೆ ಕಿವಿಯೇ ಕೈಕೊಟ್ಟಿತ್ತು. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಕುದಿಯುವ ನೀರಿನದು, ಕೊನೆಗೆ ತವರದ್ದು. ಯಾರಿಗೂ ಗೊತ್ತಾಗಲಿಲ್ಲ; ಕುಲುಮೆಯ ಗದ್ದಲದಲ್ಲಿ ಹೇಗಿದ್ದರೂ ಎಲ್ಲರೂ ಗಂಟಲು ಹರಿದುಕೊಂಡೇ ಮಾತಾಡುತ್ತಿದ್ದರು. ಪರೀಕ್ಷೆಗೂ ಅವಳೊಂದು ಉಪಾಯ ಕಂಡುಕೊಂಡಿದ್ದಳು. ಕಡ್ಡಿ ಅತ್ತ ಕೂಡಲೇ ಎದುರು ನಿಂತ ತಮ್ಮನ ಹುಬ್ಬು ತಾನಾಗಿ ಮೇಲೇರುತ್ತಿತ್ತು. ಅಕ್ಕ ಅದನ್ನು ನೋಡಿ ತಲೆದೂಗುತ್ತಿದ್ದಳು. ಕರಗಿಸಿದವನ ಹುಬ್ಬನ್ನೇ ನೆಚ್ಚಿಕೊಂಡರೆ ಅಪ್ಪನ ಕಟ್ಟಳೆ ಎಲ್ಲಿ ಉಳಿಯಿತು? ಅವಳಿಗೂ ಅದು ಚುಚ್ಚುತ್ತಿತ್ತು. ಹೇಳಿಬಿಟ್ಟರೆ ಪರೀಕ್ಷೆಗೆ ಕೂರುವ ಈ ಸ್ಟೂಲು ಬಿಟ್ಟೇಳಬೇಕು, ಎದ್ದು ಹೋಗುವುದಾದರೂ ಎಲ್ಲಿಗೆ? ಮನೆಯಲ್ಲಿ ಕೂತು ನಾದಿನಿಯ ಅಡುಗೆಗೆ ಉಪ್ಪು ಜಾಸ್ತಿ ಅನ್ನುವುದಕ್ಕೇ?

ಅವತ್ತು ಪಾತ್ರೆ ಕಾರ್ಖಾನೆಯ ಯಜಮಾನರು ಹನ್ನೆರಡು ಎರಕದ ತವರ ಒಯ್ಯಲು ಬಂದಿದ್ದರು. ಅಕ್ಕ ಸ್ಟೂಲಿನ ಮೇಲೆ ಕೂತು ಮೊದಲ ಕಡ್ಡಿ ಕೈಗೆತ್ತಿಕೊಂಡು ತಮ್ಮನತ್ತ ನೋಡಿದಳು. ಅವನ ಮುಖದ ಅರ್ಧ ಭಾಗ ಕಪ್ಪು ಕನ್ನಡಕದೊಳಗೆ ಹೋಗಿತ್ತು. ಉರಿ ನೋಡಿ ನೋಡಿ ಕಣ್ಣು ಹಾಳಾಗುತ್ತದೆಂದು ಹೆಂಡತಿ ಕೊಡಿಸಿದ ಹೊಸ ಕನ್ನಡಕ, ಬೋಗುಣಿಯಷ್ಟು ಅಗಲ. ಅದನ್ನು ಹಾಕಿಕೊಂಡು ಅವನು ಮದುವೆ ಗಂಡಿನ ಹಾಗೆ ಬೀಗುತ್ತಾ ನಿಂತಿದ್ದ.

ಕನ್ನಡಕ ತೆಗಿಯೋ ಎಂದಳು. ಚೆನ್ನಾಗಿಲ್ವಾ ಎಂದು ಕೇಳಿದನೇ ಹೊರತು ತೆಗೆಯಲಿಲ್ಲ. ಯಜಮಾನರು ಕಾಯುತ್ತಿದ್ದರು. ಅಕ್ಕ ಕಡ್ಡಿ ಬಗ್ಗಿಸಿದಳು, ಏನೂ ಕೇಳಿಸದಿದ್ದರೂ ತಲೆದೂಗಿ ಅದನ್ನು ಯಜಮಾನರ ಕೈಗೆ ಕೊಟ್ಟಳು. ಎರಡನೆಯದಕ್ಕೂ ಹಾಗೆಯೇ. ಮೂರನೆಯದನ್ನು ಹಿಡಿದಾಗ ಯಜಮಾನರು ತಮ್ಮ ಹೊಸ ಹಂಡೆಗಳ ಸುದ್ದಿ ತೆಗೆದರು. ಯಾವುದೋ ಶಾಲೆಯ ಅಡುಗೆಮನೆಗಂತೆ, ಮುನ್ನೂರು ಮಕ್ಕಳಿಗಂತೆ. ಅವರ ತುಟಿ ನೋಡಿಯೇ ಅಕ್ಕನಿಗೆ ಅಷ್ಟೂ ತಿಳಿಯಿತು. ಮುನ್ನೂರು ಮಕ್ಕಳ ಊಟವನ್ನು ಊಹೆಯ ಮೇಲೆ ಬಿಡುವುದಕ್ಕೆ ತಾನೇನು ರಾಕ್ಷಸಿಯೇ? ಸ್ಟೂಲು ಹೋದರೆ ಹೋಗಲಿ, ಹೇಳಿಬಿಡೋಣ ಎಂದು ಗಟ್ಟಿಮನಸ್ಸು ಮಾಡಿದಳು.

ಇಂಥ ಮಾತು ಹೇಳುವಾಗ ಅಚ್ಚುಕಟ್ಟಾಗಿ ಇರಬೇಕಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಜಾರಿತ್ತು. ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡೂ ಕೈಯಿಂದ ಬಟ್ಟೆ ಬಿಗಿಯಹೋದಳು. ಮೊಣಕೈ ಕಡ್ಡಿಗೆ ಬಡಿಯಿತು, ಕಡ್ಡಿ ಬಗ್ಗಿತು.

ಅಯ್ಯಯ್ಯೋ! ಆ ಅಳು ಹಲ್ಲಿನಿಂದ ದವಡೆಗೆ, ದವಡೆಯಿಂದ ನೆತ್ತಿಗೆ ಕಿರ್ರೆಂದು ಹತ್ತಿಹೋಯಿತು. ಕಿವಿಯ ಹಂಗೇ ಇಲ್ಲದೆ ತಲೆತುಂಬ ಕೇಳಿಸಿತು. ಅಕ್ಕ ಬಾಯಲ್ಲಿ ಕಡ್ಡಿ ಕಚ್ಚಿಕೊಂಡೇ ಕಣ್ಣು ಪಿಳಿಪಿಳಿ ಬಿಟ್ಟಳು. ಕೈಯಿಂದ ಮತ್ತೆ ಬಗ್ಗಿಸಿದಳು, ಮತ್ತೆ ಅತ್ತಿತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ಆಗಲೇ ಪಾಸು ಮಾಡಿದ್ದ ಎರಡು ಕಡ್ಡಿಗಳನ್ನು ಯಜಮಾನರ ಕೈಯಿಂದ ಕಿತ್ತುಕೊಂಡಳು. ಮೊದಲನೆಯದು ಚೆನ್ನಾಗಿ ಅತ್ತಿತು. ಎರಡನೆಯದನ್ನು ಎಷ್ಟು ಬಗ್ಗಿಸಿದರೂ ಉಸಿರಿಲ್ಲ. ಅಕ್ಕ ಅದನ್ನು ತಮ್ಮನ ಮುಂದೆ ಎಸೆದು, ಇದಕ್ಕೆ ಏನು ಬೆರೆಸಿದೆ ಎಂದು ಕೇಳಿದಳು. ಅವನು ಕನ್ನಡಕ ತೆಗೆದು ತಲೆ ಕೆರೆದುಕೊಂಡ. ಹಿಂದಿನ ದಿನ ನಲ್ಲಿಯ ಕೊಳವೆಗೆ ಸೀಸದ ತೇಪೆ ಹಾಕಿದ್ದ. ತಳದಲ್ಲಿ ಸೀಸ ಉಳಿದಿದ್ದ ಅದೇ ಸೌಟನ್ನು ಕೆರೆಯದೆ ಎರಡನೆಯ ಎರಕಕ್ಕೆ ಅದ್ದಿದ್ದ. ಕಡ್ಡಿ ಸುಮ್ಮನಿದ್ದದ್ದು ಅವನಿಗೂ ಕೇಳಿತ್ತು, ಅಂದರೆ ಕೇಳಿರಲಿಲ್ಲ. ಅಕ್ಕ ತಲೆದೂಗಿದ್ದರಿಂದ ತನಗೇ ಏನೋ ಭ್ರಮೆ ಎಂದುಕೊಂಡಿದ್ದನಂತೆ.

ಯಜಮಾನರು ದಡ್ಡರಲ್ಲ. "ಅಮ್ಮಾ, ಇದನ್ನ ಆಗ್ಲೇ ಒಪ್ಪಿದ್ರಲ್ಲ?" ಎಂದು ಕೇಳಿದರು.

ಅಕ್ಕ ಸ್ಟೂಲಿನಿಂದ ಎದ್ದು ನಿಂತಳು. "ಒಪ್ಪಿದ್ದೆ. ನಂಗೆ ಕೇಳಿಸ್ಲಿಲ್ಲ. ಒಂದು ವರ್ಷದಿಂದ ಕೇಳಿಸ್ತಿಲ್ಲ ಯಜಮಾನ್ರೇ. ಇವನ ಹುಬ್ಬು ನೋಡ್ಕೊಂಡು ಹೇಳ್ತಿದ್ದೆ."

ತಮ್ಮನ ಕೈ ತಾನಾಗಿ ಹುಬ್ಬಿಗೆ ಹೋಯಿತು. ಅಕ್ಕ ಕಡ್ಡಿ ಕಚ್ಚಿ ಕೇಳುವುದನ್ನು ಯಜಮಾನರಿಗೆ ತೋರಿಸಿದಳು. ಅವರೂ ಒಂದನ್ನು ಕಚ್ಚಿ ಬಗ್ಗಿಸಿ ಬೆಚ್ಚಿಬಿದ್ದರು, ಆದರೆ ಮುಖದ ಗಂಟು ಸಡಿಲಿಸಲಿಲ್ಲ. ಕೊನೆಗೆ ತೀರ್ಪು ಕೊಟ್ಟರು: ಎರಡನೆಯ ಎರಕ ವಾಪಸ್ಸು ಕುಲುಮೆಗೆ. ಉಳಿದದ್ದನ್ನೆಲ್ಲ ಹಲ್ಲಿನಿಂದಲೇ ಪರೀಕ್ಷಿಸಬೇಕು. ಅಷ್ಟಕ್ಕೇ ಬಿಡುವಂತಿಲ್ಲ, ಕಳೆದ ಒಂದು ವರ್ಷದ ಕಡ್ಡಿಗಳೆಲ್ಲ ಅಟ್ಟದ ಮೇಲೆ ಇವೆಯಲ್ಲ, ಅವನ್ನೂ ಒಂದು ಬಿಡದೆ ಕಚ್ಚಿ ಕೇಳಬೇಕು. ಯಾವುದಾದರೂ ಮೂಗಿ ಎಂದು ಗೊತ್ತಾದರೆ ಆ ಎರಕದಿಂದ ಕಲಾಯಿ ಹಾಕಿದ ಪಾತ್ರೆಗಳನ್ನು ಹುಡುಕಿ ಹೊಸ ಕಲಾಯಿ ಹಾಕಿಸಬೇಕು. ಇದನ್ನು ಅವರು ದಂಡನೆ ಎಂದೇ ಹೇಳಿದ್ದರು.

ತಮ್ಮ ಅಟ್ಟ ಹತ್ತಿ ಧೂಳು ಹಿಡಿದ ಕಟ್ಟುಗಳನ್ನು ಇಳಿಸಿದ. ನಾನೂರಕ್ಕೆ ಕಮ್ಮಿ ಇರಲಿಲ್ಲ. ಇವತ್ತಿಗೆ ಹತ್ತು ಸಾಕು, ಹಲ್ಲು ನೋಯುತ್ತದೆ, ಉಳಿದದ್ದು ನಿಧಾನವಾಗಿ ನೋಡಿಕೊಳ್ಳೋಣ ಎಂದು ಅಕ್ಕನಿಗೆ ಸಮಾಧಾನ ಹೇಳಿದ. ಅಕ್ಕ ಆಗಲೇ ಸ್ಟೂಲಿನ ಮೇಲೆ ಕೂತು ಸೀರೆಯಲ್ಲಿ ಕಡ್ಡಿ ಒರೆಸುತ್ತಿದ್ದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ನಿಧಾನ ಯಾಕೋ?" ಎಂದಳು. "ಒಂದು ವರ್ಷದಿಂದ ಏನೂ ಕೇಳಿಲ್ಲ ಕಣೋ ನಾನು. ಎಲ್ಲಾನೂ ಕೊಡು."